ಗುಲಾಬಿ ಆನೆಯ ಊರಿನಲ್ಲಿ ಕಾರಿಗೆ ಅಭ್ಯಂಜನ

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರಕ್ಕೆ ಹೋದವರು ತಪ್ಪದೆ ನೋಡುವುದು ಸ್ಪೇಸ್ ನೀಡಲ್ ಗೋಪುರವನ್ನು. 1962ರ ವಿಶ್ವಮೇಳಕ್ಕೆಂದು ಕಟ್ಟಿದ ಈ ಗೋಪುರದ ಎತ್ತರ 605 ಅಡಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಬ್ಯಾಟರಿ ಸ್ಟ್ರೀಟ್ ಮತ್ತು ಡೆನ್ನಿ ವೇ ಎಂಬ ಬೀದಿಗಳು ಸೇರುವ ಕಡೆ, 2020ರವರೆಗೆ ಊರಿನ ಇನ್ನೊಂದು ಗುರುತು ಇತ್ತು. ಅದೊಂದು ಆನೆ. ಗುಲಾಬಿ ಬಣ್ಣದ, ನಿಯಾನ್ ದೀಪಗಳ ಆನೆ! ಕತ್ತಲಾದೊಡನೆ ಅದು ಮಿನುಗತೊಡಗುತ್ತಿತ್ತು. ಅದರ ಕೆಳಗೆ ಸಾಲುಗಟ್ಟಿ ನಿಂತ ಕಾರುಗಳು ಒಂದೊಂದಾಗಿ ಒಳಗೆ ಹೋಗಿ, ಮಿಂದು, ಒರೆಸಿಕೊಂಡು ಹೊರಬರುತ್ತಿದ್ದವು.

ಆನೆಗೂ ಸ್ನಾನಕ್ಕೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲ. ‘ಗಜಸ್ನಾನ’ ಎಂಬ ಮಾತೇ ಇದೆ. ಆನೆ ಹೊಳೆಯಲ್ಲಿ ಚೆನ್ನಾಗಿ ಮಿಂದು ದಡಕ್ಕೆ ಬಂದೊಡನೆ ಸೊಂಡಿಲಿನಿಂದ ಮಣ್ಣೆತ್ತಿ ಮೈಮೇಲೆ ಸುರಿದುಕೊಳ್ಳುತ್ತದೆ. ಮಾಡಿದ ಕೆಲಸವೆಲ್ಲ ವ್ಯರ್ಥವಾದರೆ ಹಿರಿಯರು ಅದನ್ನು ಗಜಸ್ನಾನವೆಂದು ಕರೆದರು. ಆನೆಯ ಮಟ್ಟಿಗೆ ಅದು ವ್ಯರ್ಥವೇನೂ ಅಲ್ಲ. ಮೈಗಂಟಿದ ಮಣ್ಣು ಬಿಸಿಲನ್ನೂ ನೊಣಗಳನ್ನೂ ತಡೆಯುತ್ತದೆ. ಅದರ ಚರ್ಮವೂ ಕೆಲವೆಡೆ ಎರಡೂವರೆ ಸೆಂಟಿಮೀಟರಿನಷ್ಟು ದಪ್ಪ. ಮಣ್ಣು ಸುರಿದುಕೊಂಡು ಮರಕ್ಕೆ ಮೈ ಉಜ್ಜಿದರೂ ಆನೆಗೆ ಏನೂ ಆಗದು. ಆದರೆ ಕಾರಿನ ಚರ್ಮ ಹಾಗಲ್ಲ. ಸಿಯಾಟಲ್‌ನ ಕಾರು ತೊಳೆಯುವ ಯಂತ್ರಗಳ ಮುಂದೆ ನಿಂತವರು ತಿಳಿಯಬೇಕಾದ ಮೊದಲ ಪಾಠವೇ ಇದು.

ಆನೆ ಬಂದ ಕಥೆ

1951ರಲ್ಲಿ ಆಂಡರ್ಸನ್ ಎಂಬ ಮನೆತನದ ಮೂವರು ಸಹೋದರರು ಸಿಯಾಟಲ್‌ನಲ್ಲಿ ಕಾರು ತೊಳೆಯುವ ಉದ್ಯಮ ಆರಂಭಿಸಿದರು. ಮನುಷ್ಯರ ಕೈ ತಾಗದೆ ಯಂತ್ರವೇ ಕಾರನ್ನು ತೊಳೆಯುವ ವಿಧಾನವನ್ನು ಬಳಕೆಗೆ ತಂದವರಲ್ಲಿ ಇವರದು ಮುಂಚೂಣಿಯ ಹೆಸರು. 1956ರಲ್ಲಿ ಬ್ಯಾಟರಿ ಸ್ಟ್ರೀಟಿನ ತಮ್ಮ ಕೇಂದ್ರದ ಮೇಲೆ ಅವರು ತಿರುಗುವ ಆನೆಯ ಫಲಕ ನಿಲ್ಲಿಸಿದರು. ಅದನ್ನು ವಿನ್ಯಾಸಗೊಳಿಸಿದವರು ಬಿಯಾಟ್ರಿಸ್ ಹ್ಯಾವರ್‌ಫೀಲ್ಡ್ ಎಂಬ ಮಹಿಳೆ. ನಿಯಾನ್ ಫಲಕಗಳ ಕಲೆಯಲ್ಲಿ ಆ ಊರಿನಲ್ಲಿ ಅವರಿಗೆ ದೊಡ್ಡ ಹೆಸರಿತ್ತು.

ಅರವತ್ತಕ್ಕೂ ಹೆಚ್ಚು ವರ್ಷ ಬೆಳಗಿದ ಆನೆ 2020ರಲ್ಲಿ ಕೆಳಗಿಳಿಯಿತು. ಆ ಜಾಗದ ಕಾರ್ ವಾಷ್ ಮುಚ್ಚಿತು. ದೊಡ್ಡ ಆನೆಯನ್ನು ಲೇಕ್ ಯೂನಿಯನ್ ಸರೋವರದ ದಡದಲ್ಲಿರುವ ಇತಿಹಾಸ ಮತ್ತು ಉದ್ಯಮ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಲಾಯಿತು. ಅಲ್ಲಿಯೇ ಇದ್ದ ಅದರ ಚಿಕ್ಕ ಜೋಡಿಯನ್ನು ದುರಸ್ತಿ ಮಾಡಿಸಿ, 2022ರಲ್ಲಿ ಅಮೆಜಾನ್ ಕಂಪನಿಯ ಕಟ್ಟಡಗಳ ನಡುವೆ ಮತ್ತೆ ನಿಲ್ಲಿಸಲಾಯಿತು. ಆನೆ ಸ್ಥಳ ಬದಲಿಸಿತು, ಅಷ್ಟೆ. ಕಾರುಗಳ ಸ್ನಾನವೇನೂ ನಿಲ್ಲಲಿಲ್ಲ. ನಗರದ ಸುತ್ತಮುತ್ತ ಅಂತಹ ಕೇಂದ್ರಗಳು ಬೇಕಾದಷ್ಟಿವೆ.

ಮಳೆಯಿದ್ದರೂ ಕೊಳೆ

ಸಿಯಾಟಲ್ ಎಂದರೆ ಮಳೆಯ ಊರು ಎಂಬ ಮಾತು ಪ್ರಸಿದ್ಧ. ಅಂಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1000 ಮಿಲಿಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ! ವ್ಯತ್ಯಾಸವಿರುವುದು ಬೀಳುವ ಕ್ರಮದಲ್ಲಿ. ಬೆಂಗಳೂರಿನ ಮಳೆ ಒಂದು ಸಂಜೆ ಧೋ ಎಂದು ಸುರಿದು ಹೋಗುತ್ತದೆ. ಸಿಯಾಟಲ್‌ನದು ಅಕ್ಟೋಬರಿನಿಂದ ವಸಂತದವರೆಗೆ ದಿನಗಟ್ಟಲೆ ಉದುರುವ ತುಂತುರು. ಆ ತುಂತುರು ಕಾರನ್ನು ತೊಳೆಯುವಷ್ಟು ಜೋರಾಗಿರುವುದಿಲ್ಲ. ರಸ್ತೆಯ ಧೂಳು, ಟೈರಿನ ಪುಡಿ, ಎಣ್ಣೆಯ ಪಸೆ ಎಲ್ಲವನ್ನೂ ಕಲಸಿ ಕಾರಿನ ಮೈಗೆ ಮೆತ್ತುವುದಕ್ಕೆ ಮಾತ್ರ ಸಾಕಾಗುತ್ತದೆ.

ಇದರ ಜೊತೆಗೆ ಚಳಿಗಾಲದ ಹಿಮದ ಪ್ರವಾಸ. ಮೈಸೂರಿನಿಂದ ಮಗಳನ್ನು ನೋಡಲು ಹೋದ ತಂದೆ ತಾಯಿಯ ಒಂದು ಭಾನುವಾರವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಮಗಳು ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಉಳಿಸಿದ ಹಣದಲ್ಲಿ ಕೊಂಡ ಹಳೆಯ ಕಾರು ಅವಳದು. ಓದು ಮುಗಿದ ಮೇಲೆ ಅದನ್ನು ಒಳ್ಳೆಯ ಬೆಲೆಗೆ ಮಾರಿ, ಆ ಹಣದಿಂದ ಸಾಲದ ಒಂದು ಕಂತು ತೀರಿಸಬೇಕೆಂಬುದು ಅವಳ ಲೆಕ್ಕ. ಕಾರಿನ ಮೈಮೇಲಿನ ಒಂದೊಂದು ಗೀರೂ ಆ ಲೆಕ್ಕದಿಂದ ಕಳೆಯುವ ಅಂಕಿಯೇ. ಹಿಂದಿನ ಚಳಿಗಾಲದಲ್ಲಿ ತೊಳೆಯುವ ಯಂತ್ರದೊಳಗೆ ಗಾಬರಿಯಾಗಿ ಸ್ಟಿಯರಿಂಗ್ ತಿರುಗಿಸಿದ್ದರಿಂದ ಎಡಗಡೆ ಮುಂದಿನ ಚಕ್ರದ ರಿಮ್ಮಿಗೆ ಗೇಣುದ್ದದ ಗೀರು ಬಿದ್ದಿತ್ತು. ಅಂದಿನಿಂದ ಯಂತ್ರವೆಂದರೆ ಅವಳಿಗೆ ಅಳುಕು.

ತೇಲುವ ಸೇತುವೆ ದಾಟಿ

ಸಿಯಾಟಲ್‌ನಿಂದ ಪೂರ್ವಕ್ಕೆ ಹೊರಡುವ 90ನೆಯ ಅಂತರರಾಜ್ಯ ಹೆದ್ದಾರಿ ವಾಷಿಂಗ್ಟನ್ ಸರೋವರವನ್ನು ತೇಲುವ ಸೇತುವೆಯ ಮೇಲೆ ದಾಟುತ್ತದೆ. ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳ ಮೇಲೆ ನಿಂತ ಈ ಸೇತುವೆಯ ಉದ್ದ ಸುಮಾರು ಎರಡು ಕಿಲೋಮೀಟರ್. ಮೊದಲ ಸೇತುವೆ 1940ರಲ್ಲಿ ಸಿದ್ಧವಾಗಿತ್ತು. 1990ರ ನವೆಂಬರಿನಲ್ಲಿ ಅದರ ನವೀಕರಣ ನಡೆಯುತ್ತಿದ್ದಾಗ ಒಂದು ವಿಚಿತ್ರ ಸಂಗತಿ ನಡೆಯಿತು. ಹಳೆಯ ಕಾಂಕ್ರೀಟನ್ನು ಕೆತ್ತಲು ರಭಸದ ನೀರನ್ನು ಬಳಸುತ್ತಿದ್ದರು. ಆ ಕೊಳೆನೀರನ್ನು ಸರೋವರಕ್ಕೆ ಬಿಡುವಂತಿರಲಿಲ್ಲ. ಅದನ್ನು ಟೊಳ್ಳು ಪೆಟ್ಟಿಗೆಗಳಲ್ಲಿಯೇ ತುಂಬಿಸಿಟ್ಟರು. ಅದೇ ವೇಳೆಗೆ ಬಂದ ಬಿರುಗಾಳಿ ಮಳೆಯ ನೀರೂ ಒಳಗೆ ಸೇರಿ, ಸೇತುವೆಯ ದೊಡ್ಡ ಭಾಗ ಸರೋವರದ ತಳ ಸೇರಿತು! 1993ರಲ್ಲಿ ಅದನ್ನು ಮತ್ತೆ ಕಟ್ಟಿದರು. ಕೊಳೆನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಆ ಊರಿನಲ್ಲಿ ಎಷ್ಟು ಗಂಭೀರವಾದದ್ದು ಎಂಬುದಕ್ಕೆ ಈ ಘಟನೆಯೇ ಸಾಕ್ಷಿ.

ಸೇತುವೆಯಾಚೆ ಇಸಾಕ್ವಾ, ನಾರ್ತ್ ಬೆಂಡ್ ಪಟ್ಟಣಗಳು. ದಾರಿಯಿಂದ ಸ್ವಲ್ಪ ಒಳಗೆ ಹೋದರೆ 268 ಅಡಿಯಿಂದ ಧುಮುಕುವ ಸ್ನೋಕ್ವಾಲ್ಮಿ ಜಲಪಾತ. ಮುಂದೆ ದೇವದಾರು ಜಾತಿಯ ದಟ್ಟ ಮರಗಳ ನಡುವೆ ಏರುತ್ತ ಹೋಗುವ ರಸ್ತೆ ಸುಮಾರು 3000 ಅಡಿ ಎತ್ತರದ ಸ್ನೋಕ್ವಾಲ್ಮಿ ಕಣಿವೆಮಾರ್ಗವನ್ನು ತಲಪುತ್ತದೆ. ನಗರದಲ್ಲಿ ತುಂತುರು ಇದ್ದ ದಿನ ಇಲ್ಲಿ ಹಿಮ. ಜಾರುಹಲಗೆ ಕಟ್ಟಿಕೊಂಡು ಆಡುವ ಮಕ್ಕಳು, ಬಿಸಿ ಕಾಫಿ ಹಿಡಿದು ನಡುಗುವ ಹಿರಿಯರು. ಜೀವಮಾನದಲ್ಲಿ ಮೊದಲ ಬಾರಿ ಹಿಮವನ್ನು ಮುಟ್ಟಿ ನೋಡುವ ಸಂತೋಷ ದೊಡ್ಡದು.

ಆ ಸಂತೋಷದ ಸುಂಕ ತೆರುವುದು ಕಾರು. ಚಕ್ರಗಳು ಜಾರದಿರಲೆಂದು ರಸ್ತೆಗೆ ಮರಳು ಎರಚುತ್ತಾರೆ. ನೀರು ಹೆಪ್ಪುಗಟ್ಟದಿರಲೆಂದು ಉಪ್ಪು ಮತ್ತು ಉಪ್ಪಿನ ದ್ರಾವಣ ಹಾಕುತ್ತಾರೆ. ಶುದ್ಧ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿದರೆ, ಉಪ್ಪು ಬೆರೆತ ನೀರು ಇನ್ನೂ ಕೆಳಗಿನ ಉಷ್ಣತೆಯವರೆಗೆ ದ್ರವವಾಗಿಯೇ ಉಳಿಯುತ್ತದೆ. ರಸ್ತೆಗೆ ಇದು ಒಳ್ಳೆಯದು, ಕಬ್ಬಿಣಕ್ಕೆ ಕೆಟ್ಟದ್ದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ತುಕ್ಕು ಹಿಡಿಯುವ ಕ್ರಿಯೆ ಚುರುಕಾಗುತ್ತದೆ. ಸಂಜೆ ನಗರಕ್ಕೆ ಮರಳುವ ಕಾರು ಮಣ್ಣುಬಣ್ಣದ ಕಂಬಳಿ ಹೊದ್ದಂತಿರುತ್ತದೆ. ಅದನ್ನು ಬೇಗ ತೊಳೆಯಬೇಕಾದದ್ದು ನಿಜ. ಆದರೆ ಹೇಗೆ?

ಗೀಚುವುದು ಬ್ರಷ್ ಅಲ್ಲ, ಮರಳು

ಆಧುನಿಕ ಕಾರಿನ ಮೈಮೇಲೆ ತುಕ್ಕುತಡೆ ಲೇಪ, ಬಣ್ಣ ಎಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ನೋಟುಪುಸ್ತಕದ ಒಂದು ಹಾಳೆಯಷ್ಟೇ ಎನ್ನಬಹುದು. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಪಾರದರ್ಶಕ ಲೇಪ ಸುಮಾರು 40 ಮೈಕ್ರಾನ್. ಆನೆಯ ಚರ್ಮ ಇದಕ್ಕಿಂತ ಆರುನೂರು ಪಟ್ಟು ದಪ್ಪ. ಕಾರಿನ ಹೊಳಪೆಲ್ಲ ಇರುವುದು ಆ ತೆಳುವಾದ ಲೇಪದಲ್ಲಿ.

ರಸ್ತೆಯ ಮರಳಿನಲ್ಲಿ ಹೇರಳವಾಗಿರುವುದು ಬೆಣಚುಕಲ್ಲಿನ ಕಣ. ಮೋಸ್ ಕಾಠಿಣ್ಯದ ಅಳತೆಯಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7, ಕಿಟಕಿಯ ಗಾಜಿಗೆ ಸುಮಾರು 5.5. ಗಾಜನ್ನೇ ಗೀಚಬಲ್ಲ ಕಣಕ್ಕೆ ಪ್ಲಾಸ್ಟಿಕ್ ಜಾತಿಯ ಲೇಪ ಯಾವ ಲೆಕ್ಕ? ಕಣದ ಮೊನೆ ಅತಿ ಸಣ್ಣದಾದ್ದರಿಂದ ಮೃದುವಾಗಿ ಒತ್ತಿದರೂ ಅಲ್ಲಿ ಬೀಳುವ ಒತ್ತಡ ಹೆಚ್ಚು. ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದರೆ ಒತ್ತಡ ಎಂಬ ಶಾಲೆಯ ಸೂತ್ರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹಳೆಯ ಕಾಲದ ಯಂತ್ರಗಳಲ್ಲಿ ಗಡುಸಾದ ನೈಲಾನ್ ಎಳೆಗಳ ಬ್ರಷ್‌ಗಳಿದ್ದವು. ಈಗ ಬಹುಪಾಲು ಕೇಂದ್ರಗಳಲ್ಲಿ ಮೃದುವಾದ ಬಟ್ಟೆ ಅಥವಾ ಸ್ಪಂಜಿನಂತಹ ಪಟ್ಟಿಗಳಿವೆ. ಆದರೂ ಮರಳು ಮೈಮೇಲಿರುವಾಗ ಬಟ್ಟೆ ತಿರುಗಿದರೆ ಅದು ಬಟ್ಟೆಯಾಗಿ ಉಳಿಯುವುದಿಲ್ಲ, ಮರಳುಕಾಗದವಾಗುತ್ತದೆ. ಅಡುಗೆಮನೆಯಲ್ಲಿ ಸೀದ ಪಾತ್ರೆಯನ್ನು ಯಾರೂ ಒಣಗಿದಂತೆಯೇ ತಿಕ್ಕುವುದಿಲ್ಲ. ನೀರು ಹಾಕಿ ನೆನೆಯಲು ಬಿಟ್ಟು, ಸಡಿಲವಾದದ್ದನ್ನು ಚೆಲ್ಲಿ, ಆಮೇಲೆ ನಾರು ಹಿಡಿಯುತ್ತಾರೆ. ಮಗಳಿಗೆ ಅಂದು ಹೊಳೆಯದಿದ್ದ ಮಾತನ್ನು ತಾಯಿಯೇ ಹೇಳಿದರು: ‘ಮೊದಲು ನೆನೆಯಲಿ, ಆಮೇಲೆ ಉಜ್ಜಲಿ.’ ಕಾರು ತೊಳೆಯುವ ಶಾಸ್ತ್ರದ ಮೊದಲ ಸೂತ್ರ ಇದೇ.

ಅದಕ್ಕೆ ದಾರಿಯೂ ಇದೆ. ಅಲ್ಲಿ ನಾಣ್ಯ ಹಾಕಿ ತಾವೇ ಕೊಳವೆ ಹಿಡಿದು ತೊಳೆಯುವ ಕೇಂದ್ರಗಳಿವೆ. ಹಿಮದಿಂದ ಬಂದ ಕಾರನ್ನು ಮೊದಲು ಅಲ್ಲಿಗೆ ಒಯ್ದು, ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ, ಚಕ್ರದ ಗೂಡುಗಳಲ್ಲಿ ಸಿಕ್ಕಿಕೊಂಡ ಮರಳು ಉದುರುವಂತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಕೊಳವೆಯ ಮೂತಿ ಮೈಯಿಂದ ಒಂದು ಅಡಿಯಾದರೂ ದೂರವಿರಬೇಕು. ಕಲ್ಲು ಸಿಡಿದು ಬಣ್ಣ ಎದ್ದ ಜಾಗಕ್ಕೆ ಹತ್ತಿರದಿಂದ ರಭಸದ ನೀರು ಬಿಟ್ಟರೆ ಅಂಚಿನ ಬಣ್ಣವೂ ಎದ್ದುಬರುತ್ತದೆ. ಟೈರಿನ ಪಕ್ಕೆಗೂ ತೀರ ಹತ್ತಿರದ ರಭಸ ಒಳ್ಳೆಯದಲ್ಲ.

ಬ್ರಷ್ ತಾಗದ ಇನ್ನೊಂದು ಬಗೆಯ ಯಂತ್ರವಿದೆ. ಅದು ರಾಸಾಯನಿಕ ಮತ್ತು ನೀರಿನ ರಭಸದಿಂದಲೇ ಕೊಳೆ ತೆಗೆಯುತ್ತದೆ. ಗೀರಿನ ಭಯ ಕಡಿಮೆ. ಆದರೆ ಉಜ್ಜುವಿಕೆಯ ಕೊರತೆ ತುಂಬಲು ದ್ರಾವಣ ಪ್ರಬಲವಾಗಿರಬೇಕಾಗುತ್ತದೆ. ಪದೇ ಪದೇ ಬಳಸಿದರೆ ಮೇಣದ ಲೇಪ ಬೇಗ ಕರಗುತ್ತದೆ. ಹೊಸದಾಗಿ ಬಣ್ಣ ಬಳಿಸಿದ ಕಾರನ್ನಂತೂ, ಬಣ್ಣ ಪೂರ್ತಿ ಗಟ್ಟಿಯಾಯಿತೆಂದು ಬಳಿದವರು ಹೇಳುವವರೆಗೆ, ಯಾವ ಯಂತ್ರಕ್ಕೂ ಒಡ್ಡಬಾರದು.

ಗೀರುಗಳ ಬಗ್ಗೆ ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವಿದೆ. ಹಳೆಯ ಸ್ಟೀಲ್ ತಟ್ಟೆಯನ್ನು ದೀಪದ ಕೆಳಗೆ ಹಿಡಿದು ನೋಡಿ. ದೀಪದ ಪ್ರತಿಬಿಂಬದ ಸುತ್ತ ಜೇಡರಬಲೆಯಂತೆ ಗೀರುಗಳ ವರ್ತುಲ ಕಾಣುತ್ತದೆ. ತಟ್ಟೆಯನ್ನು ಸರಿಸಿದರೆ ವರ್ತುಲವೂ ದೀಪದ ಬಿಂಬದೊಡನೆ ಸರಿಯುತ್ತದೆ! ನಿಜವಾಗಿ ಗೀರುಗಳು ಎಲ್ಲ ದಿಕ್ಕಿಗೂ ಹರಡಿವೆ. ಬೆಳಕನ್ನು ಕಣ್ಣಿನ ಕಡೆಗೆ ತಿರುಗಿಸುವಂತೆ ಅಡ್ಡಲಾಗಿರುವ ಗೀರುಗಳು ಮಾತ್ರ ಹೊಳೆಯುತ್ತವೆ, ವರ್ತುಲದ ಭ್ರಮೆ ಹುಟ್ಟುತ್ತದೆ. ಬಿಸಿಲಿನಲ್ಲಿ ಕಪ್ಪು ಕಾರಿನ ಮೈಮೇಲೆ ಕಾಣುವ ಬಲೆಯೂ ಇದೇ.

ಚಕ್ರದ ಕಷ್ಟ

ಸುರಂಗದಂತಹ ಕೇಂದ್ರಗಳಲ್ಲಿ ಕಾರು ತಾನಾಗಿ ಚಲಿಸುವುದಿಲ್ಲ. ಎಡಗಡೆಯ ಚಕ್ರಗಳನ್ನು ಎರಡು ಕಬ್ಬಿಣದ ಅಂಚುಗಳ ನಡುವಿನ ಕಾಲುವೆಯೊಳಗೆ ನಿಲ್ಲಿಸಬೇಕು. ಚಕ್ರದ ಹಿಂದೆ ಉರುಳೆಯೊಂದು ಎದ್ದು ಕಾರನ್ನು ಮೆಲ್ಲಗೆ ತಳ್ಳುತ್ತದೆ. ರಿಮ್ಮಿಗೆ ಪೆಟ್ಟು ಬೀಳುವುದು ಸಾಮಾನ್ಯವಾಗಿ ಇಲ್ಲಿಯೇ. ಹಳೆಯ ಕಾರುಗಳ ದಪ್ಪ ಟೈರು ರಿಮ್ಮಿಗಿಂತ ಹೊರಗೆ ಉಬ್ಬಿರುತ್ತಿತ್ತು. ಅಂಚು ತಾಗಿದರೂ ರಬ್ಬರಿಗೆ ತಾಗುತ್ತಿತ್ತು. ಇಂದಿನ ಅಗಲವಾದ, ಪಕ್ಕೆ ಗಿಡ್ಡಗಿರುವ ಟೈರುಗಳಲ್ಲಿ ರಿಮ್ಮೇ ಹೊರಗೆ ಚಾಚಿಕೊಂಡಿರುವುದುಂಟು. ಓರೆಯಾಗಿ ನುಗ್ಗಿದರೆ ಕಬ್ಬಿಣವೇ ಅಲ್ಯುಮಿನಿಯಂ ರಿಮ್ಮನ್ನು ಕೆರೆಯುತ್ತದೆ.

ಆದ್ದರಿಂದ ಪ್ರವೇಶದ ಫಲಕವನ್ನು ಓದಬೇಕು. ಟೈರಿನ ಅಗಲ, ಕಾರಿನ ಎತ್ತರ, ನೆಲದಿಂದ ಇರಬೇಕಾದ ಅಂತರ ಅಲ್ಲಿ ಬರೆದಿರುತ್ತದೆ. ಸಾಕಷ್ಟು ಹಿಂದಿನಿಂದಲೇ ಕಾರನ್ನು ನೇರ ಮಾಡಿಕೊಂಡು, ಕೈಸನ್ನೆ ಮಾಡುವ ಕೆಲಸಗಾರನನ್ನು ನೋಡುತ್ತ ನಿಧಾನವಾಗಿ ಹೋಗಬೇಕು. ಒಳಗೆ ಹೋದ ಮೇಲೆ ಮೂರು ನಿಯಮ: ಗೇರು ನ್ಯೂಟ್ರಲ್‌ನಲ್ಲಿರಲಿ, ಕಾಲು ಬ್ರೇಕಿನಿಂದ ದೂರವಿರಲಿ, ಕೈ ಸ್ಟಿಯರಿಂಗ್ ತಿರುಗಿಸದಿರಲಿ. ಸುತ್ತ ನೊರೆ ತುಂಬಿ, ಬ್ರಷ್‌ಗಳು ತಿರುಗಿದಾಗ ಕಾರೇ ಹಿಂದಕ್ಕೆ ಹೋದಂತೆ ಭ್ರಮೆಯಾಗುತ್ತದೆ. ನಿಂತ ರೈಲಿನಲ್ಲಿ ಕುಳಿತು ಪಕ್ಕದ ರೈಲು ಚಲಿಸಿದಾಗ ಆಗುವಂತಹ ಭ್ರಮೆಯೇ ಅದು. ಆ ಗಾಬರಿಯಲ್ಲಿ ಬ್ರೇಕು ಒತ್ತಿದರೆ ಉರುಳೆ ಚಕ್ರವನ್ನು ಹಾರಿಹೋಗಬಹುದು, ಹಿಂದಿನ ಕಾರು ಬಂದು ಗುದ್ದಬಹುದು. ಸ್ಟಿಯರಿಂಗ್ ತಿರುಗಿಸಿದರೆ ರಿಮ್ಮಿಗೆ ಗೀರು ನಿಶ್ಚಿತ. ಮಗಳ ಕಾರಿಗೆ ಆದದ್ದು ಇಷ್ಟೇ.

ಹೊಸ ಕಾರುಗಳ ಜಾಣತನವೂ ಇಲ್ಲಿ ತೊಡಕೇ. ಮಳೆ ಬಂತೆಂದು ತಾನಾಗಿ ಓಡುವ ವೈಪರು, ಎದುರು ಅಡ್ಡಿ ಕಂಡೊಡನೆ ತಾನಾಗಿ ಬೀಳುವ ಬ್ರೇಕು, ನಿಂತರೆ ತಾನಾಗಿ ಪಾರ್ಕ್ ಗೇರಿಗೆ ಹೋಗುವ ವಿದ್ಯುತ್ ಕಾರು, ಇವನ್ನೆಲ್ಲ ಮೊದಲೇ ಸುಮ್ಮನಿರಿಸಬೇಕು. ಹಲವು ವಿದ್ಯುತ್ ಕಾರುಗಳಲ್ಲಿ ಇದಕ್ಕೆಂದೇ ‘ಕಾರ್ ವಾಷ್’ ಎಂಬ ಆಯ್ಕೆ ಇರುತ್ತದೆ. ಕನ್ನಡಿ ಮಡಚುವುದು, ಆಂಟೆನಾ ಬಿಚ್ಚುವುದು, ಹಿಮದಾಟದ ಹಲಗೆ ಕಟ್ಟಿದ ಚೌಕಟ್ಟನ್ನು ತೆಗೆದಿಡುವುದು ಮರೆಯಬಾರದು. ಮುಂದೆ ಕೆಸರು ಮೆತ್ತಿದ ಟ್ರಕ್ಕು ನಿಂತಿದ್ದರೆ, ಅದರ ಕೆಸರು ಬ್ರಷ್‌ಗಳಲ್ಲಿ ಉಳಿದಿರಬಹುದೆಂದು ಎಣಿಸಿ ಇನ್ನೊಂದು ದಿನ ಬರುವುದು ಲೇಸು.

ಚಕ್ರಕ್ಕೆ ರಾಸಾಯನಿಕದ ಭಯವೂ ಇದೆ. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ರಿಮ್ಮಿಗೆ ಕಚ್ಚಿ ಕಂದುಬಣ್ಣಕ್ಕೆ ತಿರುಗುತ್ತದೆ. ಅದನ್ನು ತೆಗೆಯಲು ಕೆಲವೆಡೆ ಆಮ್ಲ ಬೆರೆತ ದ್ರಾವಣ ಬಳಸುತ್ತಾರೆ. ಲೇಪವಿಲ್ಲದ, ಹೊಳಪು ಕೊಟ್ಟ ಅಲ್ಯುಮಿನಿಯಂ ರಿಮ್ಮಿನ ಮೇಲೆ ಅದು ಬಿದ್ದರೆ ಮಾಸಲು ಕಲೆ ಉಳಿಯುತ್ತದೆ. ಕಣಿವೆಮಾರ್ಗ ಇಳಿದು ಬಂದ ಕಾರಿನ ಚಕ್ರ ಬ್ರೇಕಿನ ಘರ್ಷಣೆಯಿಂದ ಬಿಸಿಯಾಗಿರುತ್ತದೆ. ಬಿಸಿ ಲೋಹದ ಮೇಲೆ ದ್ರಾವಣ ಬೇಗ ಒಣಗಿ ಕಲೆ ಇನ್ನೂ ಗಟ್ಟಿಯಾಗುತ್ತದೆ. ಹತ್ತು ಹದಿನೈದು ನಿಮಿಷ ತಣಿಯಲು ಬಿಟ್ಟು ಹೋಗುವುದು ಜಾಣತನ. ಚಕ್ರಕ್ಕೆ ಆಮ್ಲ ಬೇಡವೆಂದು ಕೇಳುವುದರಲ್ಲಿಯೂ ಸಂಕೋಚಪಡಬೇಕಿಲ್ಲ. ಹೊರಬಂದ ಮೇಲೆ ನಿಧಾನವಾಗಿ ಚಲಿಸುತ್ತ ಎರಡು ಮೂರು ಬಾರಿ ಬ್ರೇಕನ್ನು ಹಗುರವಾಗಿ ಒತ್ತಿದರೆ ನೆನೆದ ಬ್ರೇಕು ಒಣಗುತ್ತದೆ.

ಮನೆಯಂಗಳದಲ್ಲೇಕೆ ಬೇಡ?

ಇಷ್ಟೆಲ್ಲ ಜಾಗರೂಕತೆಯ ಬದಲು ಮನೆಯ ಮುಂದೆಯೇ ಬಕೆಟ್ ಇಟ್ಟು ತೊಳೆದರಾಗದೇ ಎಂದು ತಂದೆ ಕೇಳಿದರು. ಉತ್ತರ ಇಸಾಕ್ವಾ ಪಟ್ಟಣದಲ್ಲಿದೆ. ಅಲ್ಲಿ 1930ರ ದಶಕದಲ್ಲಿ ಕಟ್ಟಿದ ಸಾಲ್ಮನ್ ಮೀನುಮರಿ ಕೇಂದ್ರವಿದೆ. ಸಮುದ್ರದಲ್ಲಿ ಬೆಳೆದ ಮೀನುಗಳು ಮೊಟ್ಟೆಯಿಡಲು ತಾವು ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಪ್ರತಿ ಶರತ್ಕಾಲದಲ್ಲಿ ಊರ ನಡುವೆ ಈಜಿ ಬರುತ್ತವೆ. ಅಕ್ಟೋಬರಿನಲ್ಲಿ ಅವುಗಳ ಹೆಸರಿನಲ್ಲಿ ಊರಹಬ್ಬವೇ ನಡೆಯುತ್ತದೆ.

ಈ ಪ್ರದೇಶದಲ್ಲಿ ಹಲವೆಡೆ ಬೀದಿಯ ಮಳೆಚರಂಡಿಯ ನೀರು ಶುದ್ಧೀಕರಣಗೊಳ್ಳದೆ ನೇರವಾಗಿ ಹಳ್ಳ ತೊರೆಗಳಿಗೆ ಹೋಗುತ್ತದೆ. ಅಂಗಳದಲ್ಲಿ ತೊಳೆದ ಸಾಬೂನು, ಎಣ್ಣೆ, ಬ್ರೇಕಿನ ಲೋಹದ ಪುಡಿ ಎಲ್ಲವೂ ಮೀನಿನ ಪಾಲಿಗೆ. ಬೀದಿಯಿಂದ ಹರಿಯುವ ನೀರು ಎಷ್ಟು ಮಾರಕವಾಗಬಲ್ಲದೆಂಬುದು 2020ರ ಕೊನೆಯಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಮಳೆ ಬಂದ ಮೇಲೆ ಕೋಹೊ ಜಾತಿಯ ಸಾಲ್ಮನ್‌ಗಳು ಸಾಯುತ್ತಿದ್ದುದಕ್ಕೆ ಟೈರಿನ ರಬ್ಬರಿಗೆ ಬೆರೆಸುವ ಒಂದು ರಾಸಾಯನಿಕದಿಂದ ಹುಟ್ಟುವ ವಿಷವೇ ಕಾರಣವೆಂದು ಆ ರಾಜ್ಯದ ವಿಜ್ಞಾನಿಗಳೇ ಪತ್ತೆ ಮಾಡಿದರು. ತೊಳೆಯುವ ಕೇಂದ್ರಗಳ ನೀರಾದರೋ ಮರುಬಳಕೆಯಾಗುತ್ತದೆ ಇಲ್ಲವೇ ಶುದ್ಧೀಕರಣಕ್ಕೆ ಹೋಗುವ ಒಳಚರಂಡಿ ಸೇರುತ್ತದೆ.

ಅಮೆರಿಕದ ಶಾಲಾಮಕ್ಕಳು ಪ್ರವಾಸಕ್ಕೋ ಬ್ಯಾಂಡಿನ ಸಮವಸ್ತ್ರಕ್ಕೋ ಹಣ ಕೂಡಿಸಲು ಶನಿವಾರ ಕಾರು ತೊಳೆಯುವ ಪದ್ಧತಿಯಿದೆ. ಸಿಯಾಟಲ್ ಸುತ್ತಮುತ್ತ ಇದಕ್ಕೊಂದು ಉಪಾಯ ಕಂಡುಕೊಂಡರು. ಕಾರ್ ವಾಷ್ ಮಾಲೀಕರು ಶಾಲೆಗಳಿಗೆ ಕಡಿಮೆ ಬೆಲೆಗೆ ಟಿಕೆಟ್ ಕೊಡುತ್ತಾರೆ, ಮಕ್ಕಳು ಅದನ್ನು ಮಾರಿ ಲಾಭ ಉಳಿಸಿಕೊಳ್ಳುತ್ತಾರೆ. ಹಣವೂ ಬಂತು, ಮೀನೂ ಉಳಿಯಿತು.

ಕರ್ನಾಟಕದಲ್ಲಿ ಸಾಲ್ಮನ್ ಇಲ್ಲ ನಿಜ. ಆದರೆ ನೀರಿನ ಪ್ರಶ್ನೆ ಇದೆ. ಬರದ ಬೇಗೆಯಲ್ಲಿ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಬೆಳಗಿನ ಹೊತ್ತು ಒಂದೇ ಬಕೆಟ್ಟಿನಲ್ಲಿ ಹತ್ತು ಬಾರಿ ಅದ್ದಿದ ಬಟ್ಟೆಯಿಂದ ಧೂಳು ಹಿಡಿದ ಕಾರನ್ನು ಒರೆಸುವ ದೃಶ್ಯ ನಮ್ಮೂರುಗಳಲ್ಲಿ ಸಾಮಾನ್ಯ. ಬಕೆಟ್ಟಿನ ತಳದ ಮರಳು ಬಟ್ಟೆಗೆ ಹತ್ತಿ ಅಲ್ಲಿಯೂ ಅದೇ ಜೇಡರಬಲೆ ಹೆಣೆಯುತ್ತದೆ. ಯಂತ್ರವಿರಲಿ, ಕೈಯಿರಲಿ, ಮರಳಿಗೆ ಭೇದವಿಲ್ಲ.

ಅಂದು ಸಂಜೆ ಮಗಳು ಮೊದಲು ನಾಣ್ಯದ ಕೊಳವೆಯಲ್ಲಿ ಮರಳನ್ನೆಲ್ಲ ಹರಿಸಿದಳು. ಚಕ್ರ ತಣಿಯುವವರೆಗೆ ಕಾದಳು. ಬಳಿಕ ಸುರಂಗದೊಳಗೆ ಕೈ ಕಾಲು ಕಟ್ಟಿಕೊಂಡವಳಂತೆ ಸುಮ್ಮನೆ ಕುಳಿತಳು. ಮೂರು ನಿಮಿಷದಲ್ಲಿ ಕಾರು ಹೊಳೆಯುತ್ತ ಹೊರಬಂತು. ಹಳೆಯ ಗೀರು ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಹೊಸದೊಂದು ಇರಲಿಲ್ಲ. ಮನೆ ತಲಪುವ ಮೊದಲೇ ತುಂತುರು ಮತ್ತೆ ಶುರುವಾಯಿತು. ‘ಇದು ಗಜಸ್ನಾನವೇ ಆಯಿತಲ್ಲ!’ ಎಂದು ತಂದೆ ನಕ್ಕರು. ‘ಕೊಳೆ ಮತ್ತೆ ಬಂದರೆ ಬರಲಿ, ಗೀರು ಬರಲಿಲ್ಲವಲ್ಲ’ ಎಂದರು ತಾಯಿ.